‘ಪಾರ್ಸೆಲ್ ಅಂಗಡಿ’ಗೆ ಅರ್ಜಿಯಲ್ಲಿ ಏನೆಂದು ಬರೆಯುವುದು?

ಮಂಗಳೂರಿನ ಬಿಜೈಯ ನಮ್ಮ ಒಳರಸ್ತೆಯಲ್ಲಿ ಒಂದು ಮನೆಯ ಕಾರ್ ಶೆಡ್ ಹೋದ ಮಳೆಗಾಲದಿಂದ ಅಡುಗೆಮನೆಯಾಗಿದೆ. ಸಂಜೆ ಏಳಕ್ಕೆ ಶಟರ್ ಮೇಲೇರಿದರೆ ರಾತ್ರಿ ಒಂದಾದರೂ ಇಳಿಯುವುದಿಲ್ಲ. ಶವರ್ಮಾ, ಕಬಾಬ್, ಫ್ರೈಡ್ ರೈಸ್. ಕೂರಲು ಒಂದು ಸ್ಟೂಲೂ ಇಲ್ಲ, ‘ಪಾರ್ಸೆಲ್ ಮಾತ್ರ’ ಎಂಬ ಬೋರ್ಡ್ ಇದೆ. ನೆರೆಕರೆಯವರು ಸೇರಿ ಅರ್ಜಿ ಕೊಡುವುದೆಂದಾಯಿತು. ಕನ್ನಡ ಬರೆಯಬಲ್ಲವನೆಂಬ ಅಪವಾದ ಹೊತ್ತ ನನ್ನ ತಲೆಗೆ ಆ ಕೆಲಸ ಬಿತ್ತು. ‘ವಸತಿ ಪ್ರದೇಶದಲ್ಲಿ ತಡರಾತ್ರಿಯವರೆಗೆ ನಡೆಯುವ ಪಾರ್ಸೆಲ್ ವ್ಯವಹಾರದ ಪರವಾನಗಿಯ ಕುರಿತು’ ಎಂದು ವಿಷಯ ಬರೆದು ಒಯ್ದೆ. ಅರ್ಜಿ ತೆಗೆದುಕೊಂಡವರು ಮೇಲಿನ ಸಾಲಷ್ಟನ್ನು ಓದಿ, “ಲಾರಿ ನಿಲ್ಲುತ್ತದೆಯೇ, ಬಸ್ಸೇ?” ಎಂದು ಕೇಳಿದರು. ಅವರನ್ನು ದೂರುವಂತಿಲ್ಲ. ಬಸ್ಸಿನಲ್ಲಿ ಪಾರ್ಸೆಲ್ ಹಾಕಿ ಕಳಿಸುವ ಊರು ನಮ್ಮದು.

ಅಂದಿನಿಂದ ಈ ಪದದ ಹುಳು ತಲೆಯೊಳಗೆ ಹೊಕ್ಕಿದೆ.

ಇಂಗ್ಲೆಂಡಿನವರು ಇದಕ್ಕೆ ‘ಟೇಕ್‌ಅವೇ’ ಎನ್ನುತ್ತಾರೆ, ಅಮೆರಿಕದವರು ‘ಟು ಗೋ’. ಎರಡರಲ್ಲೂ ಕೆಲಸ ಗಿರಾಕಿಯದು: ಒಯ್ಯುವುದು, ಹೋಗುವುದು. ನಾವು ಹೇಳುವುದು ‘ಎರಡು ಪ್ಲೇಟ್ ನೀರುದೋಸೆ ಕಟ್ಟಿಕೊಡಿ’ ಎಂದು, ತುಳುವಿನಲ್ಲಾದರೆ ‘ಕಟ್ಟ್‌ದ್ ಕೊರ್ಲೆ’ ಎಂದು. ಕೆಲಸವೆಲ್ಲ ಅಂಗಡಿಯವನದೇ, ಗಿರಾಕಿ ‘ಕಟ್ಟಿಸಿಕೊಂಡು’ ಬರುವವನು. ಅದು ಕಣ್ಣಾರೆ ಕಂಡದ್ದರಿಂದ ಬಂದ ಮಾತು. ಬಾಳೆಲೆಯ ಮೇಲೆ ದೋಸೆ ಮಡಚಿ, ಪತ್ರಿಕೆಯ ಹಾಳೆ ಸುತ್ತಿ, ತೂಗುಹಾಕಿದ ಉಂಡೆಯಿಂದ ನೂಲು ಎಳೆದು ನಾಲ್ಕು ಸುತ್ತು ಹಾಕಿ ಚಟಕ್ಕನೆ ತುಂಡರಿಸುತ್ತಿದ್ದರು. ಸಾಂಬಾರಿಗೆ ತೊಟ್ಟೆ (ಪ್ಲಾಸ್ಟಿಕ್ ಚೀಲ), ಅದರ ಬಾಯನ್ನು ಒಂದಿಷ್ಟು ಗಾಳಿಯ ಸಮೇತ ಬಿಗಿದರೆ ಬಲೂನಿನ ಹಾಗೆ ನಿಲ್ಲುತ್ತಿತ್ತು. ಈಗ ಡಬ್ಬಿಯ ಮುಚ್ಚಳ ಒತ್ತಿದರೆ ಮುಗಿಯಿತು, ಆದರೂ ‘ಕಟ್ಟುವುದು’ ಉಳಿದುಕೊಂಡಿದೆ.

ಕ್ರಿಯಾಪದ ಇಷ್ಟು ಗಟ್ಟಿಯಿದ್ದೂ ನಾಮಪದವೊಂದು ಹುಟ್ಟಲಿಲ್ಲ. ‘ಬುತ್ತಿ’ ಒದಗುವುದಿಲ್ಲ, ಬುತ್ತಿ ಮನೆಯಿಂದ ಹೊರಡುತ್ತದೆ, ಪಾರ್ಸೆಲ್ ಮನೆಗೆ ಬರುತ್ತದೆ. ಗೆಳೆಯರೊಬ್ಬರು ‘ಕಟ್ಟೂಟ’ ಎಂದರು. ನನ್ನ ಕಿವಿಗೆ ಅದು ಬಾಣಂತಿಯ ಪಥ್ಯದಂತೆ ಕೇಳಿಸಿತು. 2020ರ ಲಾಕ್‌ಡೌನಿನಲ್ಲಿ ಹೋಟೆಲುಗಳಿಗೆ ‘ಪಾರ್ಸೆಲ್‌ಗೆ ಮಾತ್ರ ಅವಕಾಶ’ ಎಂದು ಪತ್ರಿಕೆಗಳಲ್ಲೇ ಅಚ್ಚಾದ ಮೇಲೆ ಆ ಪದವನ್ನು ಕೀಳುವುದು ಯಾರಿಂದಲೂ ಆಗದು. ಕೀಳಬೇಕೆಂಬ ಹಟ ನನಗೂ ಇಲ್ಲ.

ಆದರೆ ನಮ್ಮ ತಕರಾರಿಗೆ ಅದು ಸಾಲುವುದಿಲ್ಲ. ಗಿರಾಕಿಗಳು ಕಟ್ಟಿಸಿಕೊಂಡದ್ದನ್ನು ಅಲ್ಲೇ ಸ್ಕೂಟರಿನ ಸೀಟಿನ ಮೇಲೆ ಬಿಚ್ಚುತ್ತಾರೆ. ಮಯೊನೀಸ್ ಡಬ್ಬಿಗೆ ನಮ್ಮ ಕಂಪೌಂಡ್ ಗೋಡೆಯೇ ಮೇಜು. ‘ಒಯ್ಯುವ’ ಎಂಬರ್ಥದ ಪದವಿದ್ದಿದ್ದರೆ, ಒಯ್ದದ್ದೆಲ್ಲಿ ಎಂದು ಕೇಳಬಹುದಿತ್ತು. ‘ಪಾರ್ಸೆಲ್’ ಎಂದಾಗ ಅಂಗಡಿಯವರು, “ಕಟ್ಟಿಯೇ ಕೊಟ್ಟಿದ್ದೇವಲ್ಲ” ಎನ್ನುತ್ತಾರೆ. ಅವರ ಮಾತು ನಿಜವೇ.

‘ತಡರಾತ್ರಿ’ಯೂ ಕೈಕೊಡುವ ಪದ. ಎಷ್ಟು ಗಂಟೆಗೆ ಶುರುವಾಗುತ್ತದೆ ಅದು? ಇಂಗ್ಲೆಂಡಿನ 2003ರ ಲೈಸೆನ್ಸಿಂಗ್ ಕಾಯ್ದೆಯಲ್ಲಿ ‘ಲೇಟ್ ನೈಟ್ ರಿಫ್ರೆಶ್‌ಮೆಂಟ್’ ಎಂದರೆ ರಾತ್ರಿ 11ರಿಂದ ಬೆಳಗಿನ 5ರವರೆಗೆ ಜನರಿಗೆ ಬಿಸಿ ತಿನಿಸನ್ನೋ ಬಿಸಿ ಪಾನೀಯವನ್ನೋ ಒದಗಿಸುವುದು. ತಣ್ಣಗಿನ ಸ್ಯಾಂಡ್‌ವಿಚ್ ಅದರಲ್ಲಿ ಬರುವುದಿಲ್ಲ. ಗಡಿಯಾರವನ್ನೂ ಒಲೆಯನ್ನೂ ನೋಡಿ ಮಾಡಿದ ವ್ಯಾಖ್ಯೆ. ಅದನ್ನು ಕನ್ನಡಕ್ಕೆ ತರಲು ಹೊರಟರೆ ‘ಉಪಾಹಾರ’ ಅಡ್ಡ ನಿಲ್ಲುತ್ತದೆ. (ಅರ್ಧದಷ್ಟು ಬೋರ್ಡುಗಳಲ್ಲಿ ಅದು ‘ಉಪಹಾರ’ವಾಗಿದೆ. ಉಪಹಾರವೆಂದರೆ ಕಾಣಿಕೆ. ಬಿಲ್ ಕೈಗೆ ಬರುವಾಗ ಹಾಗನ್ನಿಸುವುದಿಲ್ಲ.) ಫುಲ್ ಬಿರಿಯಾನಿಯನ್ನು ಉಪಾಹಾರ ಎನ್ನಲು ನಾಲಗೆ ಹೊರಳದು. ‘ಬಿಸಿ ತಿನಿಸು’ ವಾಸಿ. ರಾತ್ರಿಗೆ ನನ್ನ ಅಜ್ಜಿಯ ಬಳಿ ‘ಅಪರಾತ್ರಿ’ ಎಂಬ ಪದವಿತ್ತು, ಆದರೆ ಅದರಲ್ಲಿ ಗದರಿಕೆ ಸೇರಿಕೊಂಡಿದೆ. ಅರ್ಜಿಯಲ್ಲಿ ಬರೆದರೆ ತೀರ್ಪನ್ನೂ ನಾವೇ ಬರೆದಂತಾಗುತ್ತದೆ. ಇನ್ನೊಂದು ತೊಡಕು: ‘ಶನಿವಾರ ರಾತ್ರಿ 1 ಗಂಟೆಯವರೆಗೆ’ ಎಂದರೆ ಯಾವ ದಿನ? ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ, ಕಚೇರಿಯ ವಾರ ನಡುರಾತ್ರಿಗೆ. ಆಡುಮಾತು ಪಂಚಾಂಗದ ಪರ.

‘ಲೈಸೆನ್ಸ್’ ವಿಷಯಕ್ಕೆ ಬಂದರೆ, ಅಂಗಡಿಯವರು ಗೋಡೆಯ ಮೇಲಿನ 14 ಅಂಕಿಯ ಸಂಖ್ಯೆ ತೋರಿಸಿ “ಇದೆಯಲ್ಲ” ಎಂದರು. ಅದು 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಸಿಗುವಂಥದ್ದು. ಸಣ್ಣ ವಹಿವಾಟಿಗೆ ‘ನೋಂದಣಿ’, ದೊಡ್ಡದಕ್ಕೆ ‘ಪರವಾನಗಿ’. ತಿನಿಸು ಶುದ್ಧವಾಗಿರಬೇಕೆಂಬುದು ಅದರ ಕಾಳಜಿ. ಈ ಜಾಗದಲ್ಲಿ ಅಂಗಡಿ ಇಡಬಹುದೇ ಎಂಬುದು ನಗರಾಡಳಿತ ಕೊಡುವ ‘ಉದ್ದಿಮೆ ಪರವಾನಗಿ’ಗೆ ಸೇರಿದ ಪ್ರಶ್ನೆ. ಎರಡನ್ನೂ ‘ಲೈಸೆನ್ಸ್’ ಎಂದು ಕರೆದು ನಾವು ಅರ್ಧ ಗಂಟೆ ಜಗಳವಾಡಿದೆವು.

ಕೊನೆಗೆ ಒಂದು ಪದ ನಮ್ಮ ಕರಾವಳಿಯಲ್ಲೇ ಸಿಕ್ಕಿತು. ಬೆಳಗಾಗುವವರೆಗೆ ಆಡದೆ ಮೊದಲೇ ಮುಗಿಯುವ ಆಟಕ್ಕೆ ನಾವು ‘ಕಾಲಮಿತಿ ಯಕ್ಷಗಾನ’ ಎನ್ನುತ್ತೇವೆ. ಹಾಗೆಯೇ ‘ಕಾಲಮಿತಿ ಅಂಗಡಿ’ ಎನ್ನಬಹುದೇ? ‘ಕಾಲಮಿತಿ ಪರವಾನಗಿ’ ಬೇಡ, ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಕೊಟ್ಟ ಪರವಾನಗಿಯೆಂದು ಓದಿಕೊಂಡಾರು. ಸದ್ಯಕ್ಕೆ ವಿಷಯದ ಸಾಲನ್ನು ಹೀಗೆ ತಿದ್ದಿದ್ದೇನೆ: ‘ಮನೆಗಳ ನಡುವೆ ರಾತ್ರಿ 10ರ ನಂತರವೂ ಬಿಸಿ ತಿನಿಸು ಕಟ್ಟಿಕೊಡುವ ಅಂಗಡಿಯ ಉದ್ದಿಮೆ ಪರವಾನಗಿಯ ಕುರಿತು.’ ಉದ್ದವಾಯಿತು, ಆದರೆ ಲಾರಿಯ ಪ್ರಶ್ನೆ ಏಳುವುದಿಲ್ಲ.

ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ. ಉಡುಪಿ ಕಡೆಯ ಹಳೆಯ ಹೋಟೆಲುಗಳಲ್ಲಿ ಸಪ್ಲೈಯರ್ ಆಗಿದ್ದವರು, ಗಲ್ಲೆಯಲ್ಲಿ ಕೂತಿದ್ದವರು ಇಲ್ಲಿದ್ದರೆ ಇನ್ನೂ ಒಂದು ಪ್ರಶ್ನೆ: ‘ಪಾರ್ಸೆಲ್’ ಬರುವ ಮೊದಲು, ಕಟ್ಟಬೇಕಾದ ದೋಸೆ ಯಾವುದು, ತಟ್ಟೆಗೆ ಹಾಕಬೇಕಾದದ್ದು ಯಾವುದು ಎಂದು ಒಳಗಿನ ಭಟ್ಟರಿಗೆ ಏನೆಂದು ಕೂಗಿ ಹೇಳುತ್ತಿದ್ದಿರಿ?