ಯುಗಾದಿಗೆ ಅಜ್ಜಿ ಮನೆ ಸಾಮಾನು: ಪಾಲಿಶ್ ಮಾಡಿಸಲಾ, ಹಾಗೇ ಇಡಲಾ?

ತೀರ್ಥಹಳ್ಳಿ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜಿ ಮನೆ ಮಾರಾಟವಾಯಿತು. ಅಟ್ಟ ಖಾಲಿ ಮಾಡುವಾಗ ನನ್ನ ಪಾಲಿಗೆ ಬಂದದ್ದು ಇಷ್ಟು: ಬಚ್ಚಲಿನ ತಾಮ್ರದ ಹಂಡೆ, ಕಾಳು ಅಳೆಯುವ ಹಿತ್ತಾಳೆಯ ಸೇರು, ಅಚ್ಚೇರು, ಪಾವು, ಒಂದು ಚನ್ನೆಮಣೆ (ಗುಳಿಗಳಿರುವ ಮರದ ಆಟದ ಮಣೆ), ಉಪ್ಪಿನಕಾಯಿಯ ಎರಡು ಪಿಂಗಾಣಿ ಜಾಡಿ, ದೇವರ ಮನೆಯಲ್ಲಿದ್ದ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ ಪಟ.

ಬೆಂಗಳೂರಿನಲ್ಲಿ ನಮ್ಮದು ಚಿಕ್ಕ ಫ್ಲಾಟು. ಹಾಲ್ 12ಕ್ಕೆ 14 ಅಡಿ. ಯುಗಾದಿಗೆ ಇನ್ನು ಎರಡೇ ವಾರ. ಈ ಸಲ ಹೊಸದೇನೂ ಕೊಳ್ಳದೆ ಇವುಗಳಿಂದಲೇ ಮನೆ ಸಿಂಗರಿಸಬೇಕು ಅಂತ ಆಸೆ. ಪಾತ್ರೆ ಅಂಗಡಿಯವರು "ಎಲ್ಲಾ ಕೊಡಿ ಮೇಡಂ, ಮಷೀನಿಗೆ ಹಿಡಿದು ಬಂಗಾರದ ಹಾಗೆ ಮಾಡಿ, ಮೇಲೆ ಹೊಳಪು ಉಳಿಸುವ ಲ್ಯಾಕರ್ ಲೇಪ ಹೊಡೆದು ಕೊಡುತ್ತೇವೆ" ಅಂದರು. ಕೊಡಲಾ? ಹಂಡೆಯ ತಳದಲ್ಲಿ ಮಸಿ ಬೆರಳು ದಪ್ಪ ಇದೆ. ಪಟದಲ್ಲಿ ಗಾಜಿನ ಒಳಗೆ ಕಂದು ಕಲೆ. ಎಲ್ಲವನ್ನೂ ಒಂದೇ ಕಡೆ ಇಟ್ಟು ನೋಡಿದೆ, ಪಾತ್ರೆ ಅಂಗಡಿ ಥರ ಕಾಣಿಸಿತು. ತಿಳಿದವರು ಹೇಳಿ.

ಕಂಚಿನ ಬಟ್ಟಲು:

ಮಷೀನಿಗೆ ಕೊಡಬೇಡಿ. ದಯವಿಟ್ಟು ಕೊಡಬೇಡಿ.

ನಮ್ಮಮ್ಮನ ಹಿತ್ತಾಳೆ ತಪ್ಪಲೆಯ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಅವರ ಹೆಸರು, ಮದುವೆಯ ವರ್ಷ 1951 ಅಂತ ಕೊರೆದಿತ್ತು. ಆಗೆಲ್ಲ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಕೂತು ಹೆಸರು ಹಾಕಿಸಿಕೊಂಡು ಬರುತ್ತಿದ್ದರು, ಅಲ್ವಾ? ಚಿಕ್ಕವಳಿದ್ದಾಗ ಅಕ್ಷರ ಕಲಿಯುವ ಮೊದಲೇ ಆ ಚುಕ್ಕಿಗಳ ಮೇಲೆ ಬೆರಳು ಆಡಿಸುತ್ತಿದ್ದೆ. ಆರು ವರ್ಷದ ಹಿಂದೆ ಮಗಳ ಸೀಮಂತಕ್ಕೆ ಅಂತ ಒಂದು ಅಂಗಡಿಯಲ್ಲಿ ಬಫಿಂಗ್, ಅಂದರೆ ಮಷೀನಿನ ಪಾಲಿಶ್, ಮಾಡಿಸಿದೆ. ಫಳಫಳ ಹೊಳೆಯುತ್ತಾ ಬಂತು. ಕಂಠ ಮಾತ್ರ ನುಣ್ಣಗಾಗಿತ್ತು. ಓರೆ ಬೆಳಕಿಗೆ ಹಿಡಿದರೆ 5ರ ಅರ್ಧ ಬಾಗು ಒಂದು ಕಾಣುತ್ತದೆ, ಅಷ್ಟೇ. ಅಮ್ಮ ಆಗಲೇ ಇರಲಿಲ್ಲ. ಆ ಹೆಸರನ್ನು ಮತ್ತೆ ಕೊರೆಸುವುದಕ್ಕೆ ನನಗೆ ಮನಸ್ಸಾಗಲಿಲ್ಲ.

ಮನೆಯಲ್ಲೇ ತೊಳೆಯಿರಿ. ಮೊದಲು ಬಿಸಿನೀರು, ಸೀಗೆಪುಡಿ, ತೆಂಗಿನ ನಾರು. ಕಿಲುಬು ಇದ್ದ ಕಡೆ ಮಾತ್ರ ನೆನೆಸಿದ ಹುಣಸೆಹಣ್ಣು. ಹಚ್ಚಿ ಬಿಟ್ಟು ಹೋಗಬೇಡಿ, ತಕ್ಷಣ ತೊಳೆದು ಹತ್ತಿ ಬಟ್ಟೆಯಲ್ಲಿ ಒರೆಸಿ. ನೀರಿನ ಹನಿ ಉಳಿದರೆ ಮಾರನೇ ದಿನ ಅಲ್ಲೇ ಕಲೆ. ಲ್ಯಾಕರ್ ಖಂಡಿತ ಬೇಡ. ಒಂದು ಕಡೆ ಕಿತ್ತು ಬಂದರೆ ಅಲ್ಲಿ ಮಾತ್ರ ಕಪ್ಪಾಗುತ್ತದೆ, ಆಮೇಲೆ ಪೂರ್ತಿ ತೆಗೆಸಬೇಕು. ಅದೂ ಅಲ್ಲದೆ ಲ್ಯಾಕರ್ ಹೊಡೆದ ಪಾತ್ರೆಯಲ್ಲಿ ತಿನ್ನುವ ಪದಾರ್ಥ ಇಡುವಂತಿಲ್ಲ.

ಹಂಡೆಯ ಮಸಿ ಒಣ ಬಟ್ಟೆಗೆ ಎಷ್ಟು ಬರುತ್ತದೋ ಅಷ್ಟು ತೆಗೆಯಿರಿ, ಉಳಿದದ್ದು ಇರಲಿ. ಎಷ್ಟು ಯುಗಾದಿಯ ಎಣ್ಣೆಸ್ನಾನಕ್ಕೆ ನೀರು ಕಾಯಿಸಿದ ಹಂಡೆ ಅದು! ಕಂಠ ಮಾತ್ರ ತಿಕ್ಕಿ. ಕೆಳಗೆ ಕಪ್ಪು, ಮೇಲೆ ತಾಮ್ರದ ಕೆಂಪು, ಅದರಲ್ಲಿ ಮಾವಿನ ಚಿಗುರು ಎಷ್ಟು ಚೆನ್ನಾಗಿ ಕಾಣುತ್ತದೆ ಗೊತ್ತಾ? ಹಂಡೆಗೆ ನೀರು ಹಾಕಬೇಡಿ, ಒಳಗೆ ಒಂದು ಸ್ಟೀಲ್ ಬಕೆಟ್ ಇಟ್ಟು ಅದರಲ್ಲಿ ಕೊಂಬೆ ನಿಲ್ಲಿಸಿ. ಬಾಗಿಲ ಪಕ್ಕ ಅದೊಂದೇ ಇರಲಿ. ಜಾಡಿಗಳಿಗೆ ನೀರಿನ ಭಯವಿಲ್ಲ, ಬೇವಿನ ಹೂವಿನ ಗೊಂಚಲು ಅವಕ್ಕೆ ಸರಿ. ಊರ ಕಡೆಯಿಂದ ಮುತ್ತುಗದ ಹೂವು ಸಿಕ್ಕರೆ ಬಿಡಬೇಡಿ, ಬಿಳಿ ಪಿಂಗಾಣಿಯಲ್ಲಿ ಆ ಕೇಸರಿ ಬಣ್ಣ ನೋಡಬೇಕು.

ಸೇರು, ಪಾವು ಶೋಕೇಸಿಗೆ ಬೇಡ. ಅಡುಗೆಮನೆ ಕಟ್ಟೆಯ ಮೇಲೆ ಅಕ್ಕಿ ಡಬ್ಬಿ ಪಕ್ಕ ಇಡಿ. ಒಣ ಧಾನ್ಯ ಅಳೆಯುವುದಕ್ಕೆ ಏನೂ ತೊಂದರೆಯಿಲ್ಲ. ಹುಳಿ, ಮೊಸರು ಮಾತ್ರ ಕಲಾಯಿ ಇಲ್ಲದ ಹಿತ್ತಾಳೆಗೆ ಹಾಕಬಾರದು.

ಚೌಕಟ್ಟು:

ಪಟದ ಬಗ್ಗೆ ಹೇಳುತ್ತೇನೆ. ಗಾಜು ನೀವೇ ಬಿಚ್ಚಬೇಡಿ. ತೇವಕ್ಕೆ ಕಾಗದ ಗಾಜಿಗೆ ಅಂಟಿಕೊಂಡಿರುತ್ತದೆ, ಎಳೆದರೆ ಬಣ್ಣವೂ ಬರುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ. ಕಾಗದದ ಕೆಲಸ ಬಲ್ಲವರ ಹತ್ತಿರ ತೋರಿಸಿ. ಕೊಡುವಾಗ "ಅಂಚು ಕತ್ತರಿಸಬಾರದು" ಅಂತ ಬರೆದು ಕೊಡಿ. ನನ್ನ ಸರಸ್ವತಿ ಪಟದ ಕೆಳಗಿನ ಬಿಳಿ ಅಂಚನ್ನು ಫ್ರೇಮಿನವರು ಅಳತೆಗೆ ಸರಿಯಾಗಲಿ ಅಂತ ಕತ್ತರಿಸಿ ಬಿಸಾಡಿದರು. ಪ್ರೆಸ್ಸಿನ ಹೆಸರು ಅಚ್ಚಾಗಿದ್ದದ್ದು ಅಲ್ಲೇ.

ರವಿವರ್ಮರ ಪ್ರೆಸ್ ಶುರುವಾದದ್ದು 1894ರಲ್ಲಿ, ಮುಂಬೈಯಲ್ಲಿ. ಆಮೇಲೆ ಲೋಣಾವಳ ಹತ್ತಿರದ ಮಳವಲಿಗೆ ಹೋಯಿತು, ಜರ್ಮನಿಯ ಫ್ರಿಟ್ಜ್ ಶ್ಲೈಷರ್ ಕೊಂಡುಕೊಂಡರು. 1906ರಲ್ಲಿ ರವಿವರ್ಮ ತೀರಿಕೊಂಡ ಮೇಲೂ ಎಷ್ಟೋ ವರ್ಷ ಪಟಗಳು ಅಚ್ಚಾದವು. ಹಾಗಾಗಿ ಹೆಸರು ಇದ್ದ ಮಾತ್ರಕ್ಕೆ ಅವರ ಕಾಲದ್ದೇ ಅನ್ನುವಂತಿಲ್ಲ. ಭೂತಗನ್ನಡಿ ಇಟ್ಟು ನೋಡಿ. ಹಳೆಯ ಕಲ್ಲಚ್ಚಿನಲ್ಲಿ (ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಒತ್ತುವುದು) ಚುಕ್ಕಿಗಳು ಕೈಯಲ್ಲಿ ಇಟ್ಟ ಹಾಗೆ ಅಡ್ಡಾದಿಡ್ಡಿ ಇರುತ್ತವೆ. ಈಗಿನ ಪ್ರತಿಯಲ್ಲಿ ಸಾಲಾಗಿ, ಒಂದೇ ಅಂತರದಲ್ಲಿ.

ಬಿಸಿಲು ಬೀಳುವ ಗೋಡೆಗೆ ಮಾತ್ರ ಹಾಕಬೇಡಿ.

ಪುತ್ತೂರಿನವ:

ಚನ್ನೆಮಣೆಯ ಕೆಳಗೆ ಒಂದು ರಾತ್ರಿ ಕಪ್ಪು ಕಾಗದ ಹಾಸಿಡಿ. ಬೆಳಗ್ಗೆ ಹಿಟ್ಟಿನ ಹಾಗೆ ಪುಡಿ ಉದುರಿದ್ದರೆ ಮರ ಕೊರೆಯುವ ಕುಟ್ಟೆ ಹುಳ ಇನ್ನೂ ಜೀವಂತ ಇರಬಹುದು ಅಂತ ಅರ್ಥ. ಆಗ ಬೇರೆ ಮರದ ಸಾಮಾನಿನ ಹತ್ತಿರ ಇಡಬೇಡಿ, ಮೊದಲು ಔಷಧಿ ಹಾಕಿಸಿ. ಪುಡಿ ಇಲ್ಲದಿದ್ದರೆ ಮಣೆಯಲ್ಲಿ ತೂತು ಇದ್ದರೂ ಬಹುಶಃ ಹಳೆಯದು. ವಾರ್ನಿಷ್ ಬೇಡ. ಬೆರಳು ತಾಗಿ ತಾಗಿ ಗುಳಿಗಳು ನುಣುಪಾಗಿರುತ್ತವಲ್ಲ, ಅದು ಮುಚ್ಚಿಹೋಗುತ್ತದೆ.

ನಮ್ಮ ಕಡೆ ಚನ್ನೆಮಣೆ ಅಂದರೆ ಆಟಿ ತಿಂಗಳ ಮಳೆಗೆ ತೆಗೆಯುವ ಆಟ. ಆದರೆ ಸುಮ್ನೆ ಗೋಡೆಗೆ ಒರಗಿಸುವ ಬದಲು ಟೀಪಾಯಿ ಮೇಲೆ ಇಟ್ಟು ಹದಿನಾಲ್ಕು ಗುಳಿಗೂ ಕೆಂಪು ಮಂಜೊಟ್ಟಿ ಕಾಳು ಹಾಕಿ. ಹಬ್ಬಕ್ಕೆ ಬಂದ ಮಕ್ಕಳು ಮೊಬೈಲ್ ಬಿಟ್ಟು ಕೂರುತ್ತಾರೆ, ನಮ್ಮಲ್ಲಿ ಹಾಗೇ ಆಗಿದೆ.

ತೀರ್ಥಹಳ್ಳಿ ಮೊಮ್ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಂಗಡಿಗೆ ಬೇಡ ಅಂತ ಹೇಳಿ ಬಂದೆ. ಚನ್ನೆಮಣೆಯಿಂದ ಪುಡಿ ಬೀಳಲಿಲ್ಲ. ಪಟವನ್ನು ಬಿಸಿಲಿಲ್ಲದ ಕಡೆ ಎತ್ತಿಟ್ಟಿದ್ದೇನೆ, ಹಬ್ಬ ಮುಗಿದ ಮೇಲೆ ತೋರಿಸುತ್ತೇನೆ.

ನಿನ್ನೆ ರಾತ್ರಿ ಸೇರು ತೊಳೆಯುವಾಗ ತಳದಲ್ಲಿ ಬೆರಳಿಗೆ ಏನೋ ತಾಗಿತು. ಟಾರ್ಚ್ ಹಿಡಿದು ನೋಡಿದೆ, ಚುಕ್ಕಿ ಅಕ್ಷರ! ಅಜ್ಜಿಯ ಹೆಸರಲ್ಲ. "ಪುಟ್ಟಮ್ಮ" ಅಂತ ಇದೆ. ಅಮ್ಮನಿಗೆ ಫೋನ್ ಮಾಡಿದರೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಅದು ಅಜ್ಜಿಯ ಅತ್ತೆಯಂತೆ. ಅವರ ಫೋಟೋ ಮನೆಯಲ್ಲಿ ಒಂದೂ ಇಲ್ಲ, ನಾನು ಹೆಸರು ಕೇಳಿದ್ದೇ ಈಗ. ಅಮ್ಮ ಮುಕ್ಕಾಲು ಗಂಟೆ ಅವರ ಬಗ್ಗೆಯೇ ಮಾತಾಡಿದರು.

ಹಬ್ಬದ ಹಿಂದಿನ ದಿನ ಅಮ್ಮ ಬರುತ್ತಿದ್ದಾರೆ. ಹೋಳಿಗೆಯ ಬೇಳೆ ಆ ಸೇರಿನಲ್ಲೇ ಅಳೆಯಬೇಕಂತೆ. ಅಲ್ಲಿವರೆಗೆ ಅದನ್ನು ಅಕ್ಕಿ ಡಬ್ಬಿಯ ಪಕ್ಕ ಇಟ್ಟಿದ್ದೇನೆ.