ಪದಚರ್ಚೆ: ಡಿಸ್ಕಿನ ‘ಎಕ್ಸ್‌ಟೆಂಟ್’ಗೆ ‘ಅಂಕಣ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಯುನಿಕ್ಸ್ ಸರ್ವರ್‌ಗಳಲ್ಲಿ ದೊಡ್ಡ ಸ್ಟೋರೇಜ್ ಜೋಡಿಸುವುದು ಹೇಗೆ ಅಂತ ಹೊಸಬರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಡಿಸ್ಕ್, ವಾಲ್ಯೂಮ್, ಫೈಲ್ ಸಿಸ್ಟಮ್ ಇವನ್ನೆಲ್ಲ ಹಾಗೇ ಉಳಿಸಿಕೊಂಡಿದ್ದೇನೆ. ವಾಲ್ಯೂಮನ್ನು ‘ಸಂಪುಟ’ ಅಂದರೆ ಪುಸ್ತಕ ನೆನಪಾಗುತ್ತದೆ. ‘ಗಾತ್ರ’ ಅಂದರೆ ಸೈಜ್ ಅನ್ನೋದಕ್ಕೆ ಬೇರೆ ಪದ ಹುಡುಕಬೇಕು. ಹಲವು ಡಿಸ್ಕುಗಳನ್ನು ಸೇರಿಸಿ ಕಟ್ಟುವ ವಾಲ್ಯೂಮ್ ಗ್ರೂಪನ್ನು ‘ಡಿಸ್ಕ್ ಗುಂಪು’ ಅನ್ನುವ ಹಾಗೂ ಇಲ್ಲ, ವೆರಿಟಾಸ್ ಅನ್ನುವ ಸ್ಟೋರೇಜ್ ತಂತ್ರಾಂಶದಲ್ಲಿ ಡಿಸ್ಕ್ ಗ್ರೂಪ್ ಅಂತಲೇ ಇನ್ನೊಂದಿದೆ. ನನ್ನ ಕೈ ನಿಂತಿರುವುದು ‘ಎಕ್ಸ್‌ಟೆಂಟ್’ ಹತ್ತಿರ.

ವಾಲ್ಯೂಮ್ ಗ್ರೂಪಿಗೆ ಸೇರಿದ ಪ್ರತಿ ಡಿಸ್ಕನ್ನೂ ಎಲ್‌ವಿಎಂ (ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್, ಡಿಸ್ಕಿನ ಜಾಗವನ್ನು ಹಂಚುವ ತಂತ್ರಾಂಶ) ಒಂದೇ ಅಳತೆಯ ಚೂರುಗಳಾಗಿ ಎಣಿಸುತ್ತದೆ. ಅಂಥ ಕೆಲವು ಚೂರುಗಳನ್ನು ಸೇರಿಸಿದರೆ ಒಂದು ಲಾಜಿಕಲ್ ವಾಲ್ಯೂಮ್. ಅವು ಅಕ್ಕಪಕ್ಕ ಇರಬೇಕಾಗಿಲ್ಲ, ಒಂದೇ ಡಿಸ್ಕಿನಲ್ಲೂ ಇರಬೇಕಾಗಿಲ್ಲ. ಲಿನಕ್ಸ್ ಮತ್ತು ಎಚ್‌ಪಿ ಕಂಪನಿಯ ಯುನಿಕ್ಸ್ ಆದ ಎಚ್‌ಪಿ-ಯುಎಕ್ಸ್ ಈ ಚೂರನ್ನು ಫಿಸಿಕಲ್ ಎಕ್ಸ್‌ಟೆಂಟ್ ಅನ್ನುತ್ತವೆ. ಲಿನಕ್ಸ್‌ನಲ್ಲಿ ನಾವೇನೂ ಹೇಳದಿದ್ದರೆ ಅದರ ಅಳತೆ 4 ಎಂಬಿ. ಐಬಿಎಂನ ಯುನಿಕ್ಸ್ ಆದ ಎಐಎಕ್ಸ್ ಅದನ್ನೇ ಫಿಸಿಕಲ್ ಪಾರ್ಟಿಶನ್ ಅನ್ನುತ್ತದೆ. ಪಿಸಿ ಬಳಸಿ ಬಂದವರಿಗೆ ಪಾರ್ಟಿಶನ್ ಅಂದರೆ ಡಿಸ್ಕಿನ ದೊಡ್ಡ ಭಾಗ, ಡಿಸ್ಕಿಗೆ ಮೂರೋ ನಾಲ್ಕೋ ಇರುತ್ತದೆ. ಇಲ್ಲಿ ಡಿಸ್ಕಿಗೆ ಸಾವಿರ! ಹಾಗಾಗಿ ‘ವಿಭಾಗ’ ಅಂತ ಬರೆದರೆ ಓದುವವರು ದಾರಿ ತಪ್ಪುವುದು ಖಂಡಿತ.

ಎಕ್ಸ್‌ಟೆಂಟ್ ಅಂತಲೇ ಬಿಡಬಹುದಲ್ಲ ಅಂತೀರಾ? ವಾಲ್ಯೂಮನ್ನೂ ಗುಂಪನ್ನೂ ದೊಡ್ಡದು ಮಾಡುವ ಎಲ್‌ವಿಎಕ್ಸ್‌ಟೆಂಡ್, ವಿಜಿಎಕ್ಸ್‌ಟೆಂಡ್ ಅನ್ನುವ ಕಮಾಂಡುಗಳು ಅದೇ ಪುಟದಲ್ಲಿ ಬರುತ್ತವೆ. ‘ಟ’ ಮತ್ತು ‘ಡ’ ನಡುವೆ ಕಣ್ಣು ಜಾರುತ್ತದೆ, ಕಿವಿ ಇನ್ನೂ ಬೇಗ ಜಾರುತ್ತದೆ. “ಎಷ್ಟು ಎಕ್ಸ್‌ಟೆಂಟ್ ಎಕ್ಸ್‌ಟೆಂಡ್ ಮಾಡಬೇಕು” ಅನ್ನುವ ವಾಕ್ಯ ಯಾರಿಗೂ ಬೇಡ.

ಈ ಪದ ಸರಿಯಾಗಿರಬೇಕು ಅಂತ ಹಟ ಹಿಡಿಯಲು ಕಾರಣವಿದೆ. ದೊಡ್ಡ ಡಿಸ್ಕ್ ಸೇರಿಸುವ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ. ಎಐಎಕ್ಸ್‌ನ ಮಾಮೂಲಿ ವಾಲ್ಯೂಮ್ ಗ್ರೂಪಿನಲ್ಲಿ ಡಿಸ್ಕಿಗೆ 1,016 ಚೂರುಗಳ ಮಿತಿ, ಗುಂಪಿಗೆ 32 ಡಿಸ್ಕ್. ಚೂರು 256 ಎಂಬಿ ಇದ್ದರೆ ಒಂದು ಡಿಸ್ಕಿನಲ್ಲಿ 254 ಜಿಬಿ ಮಾತ್ರ ಎಣಿಸಲು ಸಾಧ್ಯ. 300 ಜಿಬಿ ಡಿಸ್ಕ್ ಆ ಗುಂಪಿಗೆ ಹಿಡಿಸುವುದಿಲ್ಲ. ಚೂರಿನ ಅಳತೆ ಗುಂಪು ಕಟ್ಟುವಾಗಲೇ ಗಟ್ಟಿಯಾಗಿರುತ್ತದೆ, ಆಮೇಲೆ ಬದಲಿಸಲು ಬರುವುದಿಲ್ಲ. ಡಿಸ್ಕಿಗೆ ಇರುವ ಮಿತಿಯನ್ನು 2,032ಕ್ಕೆ ಏರಿಸಬಹುದು, ಆಗ ಗುಂಪಿನಲ್ಲಿ 16 ಡಿಸ್ಕಿಗೆ ಮಾತ್ರ ಜಾಗ. ಎಐಎಕ್ಸ್‌ನಲ್ಲೇ ಇರುವ ಇನ್ನೊಂದು ಬಗೆಯ, ಸ್ಕೇಲಬಲ್ ಅನ್ನುವ ಗುಂಪಿನಲ್ಲಿ ಈ ಕಷ್ಟ ಇಲ್ಲ, ಅಲ್ಲಿ ಮಿತಿ ಇಡೀ ಗುಂಪಿಗೆ ಸೇರಿ 20,97,152. ಇಷ್ಟನ್ನು ಹೇಳುವಾಗ ‘ಚೂರು’ ಅನ್ನುವ ಪದ ಹತ್ತಾರು ಸಲ ಬರುತ್ತದೆ, ಪ್ರತಿ ಸಲವೂ ನನಗೆ ಚುಚ್ಚುತ್ತದೆ. ಚೂರು, ತುಣುಕು ಅಂದರೆ ಒಡೆದು ಬಿದ್ದದ್ದು, ಒಂದೊಂದು ಒಂದೊಂದು ಅಳತೆ. ‘ಪಾಲು’ ಅಂದರೆ ಯಾರ ಪಾಲು ಅನ್ನುವ ಪ್ರಶ್ನೆ ಬರುತ್ತದೆ. ‘ಬಿಲ್ಲೆ’ ಎಣಿಸಲು ಚೆನ್ನಾಗಿದೆ, ಆದರೆ ಡಿಸ್ಕನ್ನೇ ಬಿಲ್ಲೆ ಅಂದುಕೊಳ್ಳುವ ಅಪಾಯವಿದೆ.

ನನ್ನ ಮನಸ್ಸು ವಾಲಿರುವುದು ‘ಅಂಕಣ’ದ ಕಡೆಗೆ. ಎರಡು ಕಂಬಗಳ ನಡುವಿನ ಜಾಗ ಒಂದು ಅಂಕಣ. ಮನೆಯ ಅಳತೆಯನ್ನು ಮೂರಂಕಣ, ಐದಂಕಣ ಅಂತ ಹೇಳುವ ರೂಢಿ ಕನ್ನಡದಲ್ಲಿದೆ. ಜಾಗವನ್ನು ಸಮ ಅಳತೆಯಲ್ಲಿ ಎಣಿಸುವ ಪದ ನಮ್ಮಲ್ಲೇ ಇರುವಾಗ ಹೊಸದನ್ನು ಹೊಸೆಯುವುದೇಕೆ? “ಈ ವಾಲ್ಯೂಮಿಗೆ ಇನ್ನೂ 40 ಅಂಕಣ ಕೊಡಿ” ಅಂದರೆ ಎಷ್ಟು ಸಲೀಸಾಗಿದೆ, ಅಲ್ವಾ? ಅಡ್ಡಿ ಒಂದೇ. ಪತ್ರಿಕೆಯ ಕಾಲಂ, ಪಟ್ಟಿಯ ಕಾಲಂ ಎರಡಕ್ಕೂ ಈಗ ಅಂಕಣವೇ ಬಳಕೆಯಲ್ಲಿದೆ. ಡಿಸ್ಕಿನ ವಿವರ ತೋರಿಸುವ ಎಲ್‌ಎಸ್‌ಪಿವಿ ಕಮಾಂಡಿನ ಉತ್ತರವನ್ನು ವಿವರಿಸುವಾಗ “ಈ ಅಂಕಣದಲ್ಲಿ ಅಂಕಣಗಳ ಸಂಖ್ಯೆ ಇದೆ” ಅಂತ ಬರೆಯಬೇಕಾಗುತ್ತದೆ. ಅಲ್ಲಿ ಮಾತ್ರ ಕಾಲಂ ಅಂತ ಬರೆದು ದಾಟಿಕೊಳ್ಳೋಣ ಅಂತಿದ್ದೇನೆ.

ಇದರ ಜೊತೆಗೇ ಕ್ರಿಯಾಪದಗಳ ವಿಷಯ. ಗುಂಪಿಗೆ ಡಿಸ್ಕ್ ‘ಸೇರಿಸು’, ವಾಲ್ಯೂಮನ್ನು ‘ಹಿಗ್ಗಿಸು’, ಅದರ ಮೇಲಿನ ಫೈಲ್ ಸಿಸ್ಟಮನ್ನು ‘ಬೆಳೆಸು’ ಅಂತ ಬೇರೆ ಬೇರೆ ಇಟ್ಟಿದ್ದೇನೆ. ಮೂರಕ್ಕೂ ‘ವಿಸ್ತರಿಸು’ ಅಂದುಬಿಟ್ಟರೆ, ವಾಲ್ಯೂಮ್ ಹಿಗ್ಗಿದರೂ ಫೈಲ್ ಸಿಸ್ಟಮ್ ಹಳೆಯ ಅಳತೆಯಲ್ಲೇ ಉಳಿಯಬಹುದು ಅನ್ನುವ ಮುಖ್ಯ ಮಾತು ಮುಚ್ಚಿಹೋಗುತ್ತದೆ.

ಹಳೆಯ ಬಳಕೆ ಬಲ್ಲವರಲ್ಲಿ ನನ್ನ ಪ್ರಶ್ನೆ ಇದು. ಅಂಕಣಕ್ಕೆ ಎಲ್ಲ ಕಡೆ ಒಂದೇ ಅಳತೆ ಇತ್ತೇ, ಇಲ್ಲ ಮನೆಯಿಂದ ಮನೆಗೆ ಬದಲಾಗುತ್ತಿತ್ತೇ? ಬದಲಾಗುತ್ತಿದ್ದರೆ ನನಗೆ ಇನ್ನೂ ಅನುಕೂಲ, ಏಕೆಂದರೆ ಎಕ್ಸ್‌ಟೆಂಟಿನ ಅಳತೆಯೂ ಗುಂಪಿನಿಂದ ಗುಂಪಿಗೆ ಬೇರೆ, ಒಂದು ಗುಂಪಿನೊಳಗೆ ಮಾತ್ರ ಒಂದೇ. ನಿಮಗೆ ತಿಳಿದಿರುವ ಬಳಕೆಯನ್ನು ವಾಕ್ಯದ ಸಮೇತ ಬರೆಯಿರಿ.