ಗೆಲಾಕ್ಸಿಯ ಚಿತ್ರದಲ್ಲಿ ಕಂಡ ಹೊಸ ಚುಕ್ಕೆ ಸೂಪರ್‌ನೋವಾ ಎಂದು ಖಚಿತವಾಗುವುದು ಹೇಗೆ?

ಪ್ರಶ್ನೆ: ಅರುಂಧತಿ_ವೀಕ್ಷಕ

2023ರ ಮೇ 19ರಂದು ಜಪಾನಿನ ಯಮಗಾತಾದ ಹವ್ಯಾಸಿ ವೀಕ್ಷಕ ಕೊಯಿಚಿ ಇತಾಗಾಕಿ ಅವರು ಎಂ101 ಗೆಲಾಕ್ಸಿಯಲ್ಲಿ ಹೊಸ ಬೆಳಕಿನ ಚುಕ್ಕೆಯೊಂದನ್ನು ಗುರುತಿಸಿದರು. ಅದು ಸೂಪರ್‌ನೋವಾ, ಅಂದರೆ ನಕ್ಷತ್ರವೊಂದರ ಮಹಾಸ್ಫೋಟ, ಎಂಬುದು ಕೆಲವೇ ಗಂಟೆಗಳಲ್ಲಿ ದೃಢಪಟ್ಟು, ಎಸ್‌ಎನ್ 2023ಐಎಕ್ಸ್‌ಎಫ್ ಎಂದು ದಾಖಲಾಯಿತು. ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಚುಕ್ಕೆಯ ಬಗ್ಗೆ ಅಷ್ಟು ಬೇಗ ಅಷ್ಟು ಖಚಿತವಾಗಿ ಹೇಳಲು ಸಾಧ್ಯವಾದದ್ದು ಹೇಗೆ? ನಾನೂ ಸಣ್ಣ ದೂರದರ್ಶಕದಿಂದ ಗೆಲಾಕ್ಸಿಗಳ ಚಿತ್ರ ತೆಗೆಯುತ್ತೇನೆ. ಅಂಥ ಚುಕ್ಕೆ ಕಂಡರೆ ಮೊದಲು ಏನನ್ನು ಪರೀಕ್ಷಿಸಬೇಕು, ಯಾರಿಗೆ ತಿಳಿಸಬೇಕು?

ಉತ್ತರ 1: ಕ್ರಾಂತಿವೃತ್ತ

ಮೊದಲು ಬೇಕಾದದ್ದು ಅದೇ ಗೆಲಾಕ್ಸಿಯ ಹಳೆಯ ಚಿತ್ರ. ಹಳೆಯದನ್ನು ಹೊಸದರೊಂದಿಗೆ ಹೊಂದಿಸಿ ನೋಡಿದಾಗ ಉಳಿಯುವ ಬೆಳಕು ಮಾತ್ರ ನಮ್ಮ ವಿಷಯ. ಆಸ್ಟ್ರೇಲಿಯಾದ ಪಾದ್ರಿ ರಾಬರ್ಟ್ ಇವಾನ್ಸ್ ಅವರು ನೂರಾರು ಗೆಲಾಕ್ಸಿಗಳ ಸುತ್ತಲಿನ ನಕ್ಷತ್ರಗಳ ವಿನ್ಯಾಸವನ್ನು ನೆನಪಿನಲ್ಲೇ ಇಟ್ಟುಕೊಂಡು, ಬರಿಯ ಕಣ್ಣನ್ನು ದೂರದರ್ಶಕಕ್ಕೆ ಒಡ್ಡಿ ಹಲವಾರು ಸೂಪರ್‌ನೋವಾಗಳನ್ನು ಪತ್ತೆ ಮಾಡಿದರು. ನಮಗೆ ಚಿತ್ರಸಂಗ್ರಹಗಳು ಆ ಕೆಲಸ ಮಾಡಿಕೊಡುತ್ತವೆ.

ಚುಕ್ಕೆ ಒಂದೇ ಚಿತ್ರದಲ್ಲಿ ಕಂಡರೆ ಅದು ಕ್ಯಾಮೆರಾದ ಸಂವೇದಕಕ್ಕೆ ಬಡಿದ ಕಾಸ್ಮಿಕ್ ಕಿರಣವಾಗಿರಬಹುದು, ಅಥವಾ ಹತ್ತಿರದ ಪ್ರಕಾಶಮಾನ ನಕ್ಷತ್ರದ ಪ್ರತಿಫಲನವಾಗಿರಬಹುದು. ಆದ್ದರಿಂದ ದೂರದರ್ಶಕವನ್ನು ಸ್ವಲ್ಪ ಸರಿಸಿ, ಅರ್ಧ ಗಂಟೆಯ ಅಂತರದಲ್ಲಿ ಮತ್ತೆ ಚಿತ್ರ ತೆಗೆಯಿರಿ. ಚುಕ್ಕೆ ನಕ್ಷತ್ರಗಳ ನಡುವೆ ಜಾಗ ಬದಲಿಸಿದ್ದರೆ ಅದು ಕ್ಷುದ್ರಗ್ರಹ. ಕನ್ಯಾ ರಾಶಿಯ ಗೆಲಾಕ್ಸಿಗಳು ಕ್ರಾಂತಿವೃತ್ತಕ್ಕೆ (ಆಕಾಶದಲ್ಲಿ ಸೂರ್ಯ ಸಾಗುವ ಪಥ; ಹೆಚ್ಚಿನ ಕ್ಷುದ್ರಗ್ರಹಗಳು ಇದರ ಆಸುಪಾಸಿನಲ್ಲೇ ಕಾಣುತ್ತವೆ) ಸಮೀಪವಿರುವುದರಿಂದ ಅಲ್ಲಿ ಈ ಗೊಂದಲ ಬಹಳ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಎಂ101ರಲ್ಲಿ ಅದು ಅಪರೂಪ.

ಇಷ್ಟಾದ ಮೇಲೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಟ್ರಾನ್ಸಿಯೆಂಟ್ ನೇಮ್ ಸರ್ವರ್‌ನಲ್ಲಿ (ಆಕಾಶದಲ್ಲಿ ಹೊಸದಾಗಿ ಕಂಡ ಬೆಳಕುಗಳನ್ನು ದಾಖಲಿಸುವ ಜಾಲತಾಣ) ಹುಡುಕಿ, ಈಗಾಗಲೇ ವರದಿಯಾಗಿಲ್ಲದಿದ್ದರೆ ಸ್ಥಾನ, ಸಮಯ ಮತ್ತು ಕಾಂತಿಮಾನವನ್ನು (ಹೊಳಪಿನ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಮಂಕು) ಸಲ್ಲಿಸಿ. ವರದಿಗೆ ಮೊದಲು ಸಿಗುವುದು ‘ಎಟಿ’ ಎಂದು ಆರಂಭವಾಗುವ ಹೆಸರು. ‘ಎಸ್‌ಎನ್’ (ಸೂಪರ್‌ನೋವಾ) ಎಂಬ ಗೌರವ ರೋಹಿತದ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನ, ಪರೀಕ್ಷೆಯಾದ ನಂತರವೇ ದಕ್ಕುತ್ತದೆ, ಮತ್ತು ಆ ಕಟ್ಟುನಿಟ್ಟು ಸರಿಯಾದದ್ದೇ ಎಂಬುದು ನನ್ನ ಅಭಿಪ್ರಾಯ.

ಉತ್ತರ 2: ನೀಲಿರೇಖೆ

ರೋಹಿತದ ಬಗ್ಗೆ ನಾನು ಸೇರಿಸುತ್ತೇನೆ. ಇತಾಗಾಕಿ ಅವರು ಕಂಡಾಗ ಚುಕ್ಕೆಯ ಕಾಂತಿಮಾನ 14.9 ಇತ್ತು. ಎಂ101ರಷ್ಟು ದೂರದಲ್ಲಿ ಸಾಮಾನ್ಯ ನೋವಾ (ನಕ್ಷತ್ರವನ್ನು ನಾಶಮಾಡದ, ಮೇಲ್ಮೈಯ ಸಣ್ಣ ಸ್ಫೋಟ) ಇದಕ್ಕಿಂತ ನೂರಾರು ಪಟ್ಟು ಮಂಕಾಗಿ ಕಾಣುವುದರಿಂದ, ಸೂಪರ್‌ನೋವಾದ ಊಹೆ ಆಗಲೇ ಬಲವಾಗಿತ್ತು. ಆದರೆ ನಮ್ಮದೇ ಕ್ಷೀರಪಥದ ನಕ್ಷತ್ರವೊಂದು ಅದೇ ದಿಕ್ಕಿನಲ್ಲಿ ಥಟ್ಟನೆ ಉಜ್ವಲವಾಗಿದ್ದರೆ? ಆ ಸಂಶಯವನ್ನು ನಿವಾರಿಸಬಲ್ಲದ್ದು ರೋಹಿತ ಮಾತ್ರ.

ಲಾ ಪಾಲ್ಮಾ ದ್ವೀಪದ ಲಿವರ್‌ಪೂಲ್ ದೂರದರ್ಶಕ ಅದೇ ರಾತ್ರಿ ತೆಗೆದ ರೋಹಿತದಲ್ಲಿ ಜಲಜನಕದ ರೇಖೆಗಳಿದ್ದವು. ಅದು ಎರಡನೆಯ ಬಗೆಯ ಸೂಪರ್‌ನೋವಾದ ಗುರುತು, ಅಂದರೆ ಭಾರೀ ನಕ್ಷತ್ರವೊಂದರ ಒಡಲು ಕುಸಿದು ಆದ ಸ್ಫೋಟ. ಜಲಜನಕವಿಲ್ಲದೆ 615 ನ್ಯಾನೊಮೀಟರ್ ಸುಮಾರಿಗೆ ಸಿಲಿಕಾನ್‌ನ ಆಳವಾದ ಹೀರಿಕೆ ಕಂಡಿದ್ದರೆ, ಅದನ್ನು ಶ್ವೇತಕುಬ್ಜದ (ಇಂಧನ ಮುಗಿದ ನಕ್ಷತ್ರದ ದಟ್ಟ ಅವಶೇಷ) ಸ್ಫೋಟವೆಂದು ತೀರ್ಮಾನಿಸುತ್ತಿದ್ದರು.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಮೊದಲ ದಿನಗಳ ಕಿರಿದಾದ ರೇಖೆಗಳು. ನಕ್ಷತ್ರ ಸಾಯುವ ಮುನ್ನ ಉಗುಳಿದ್ದ ಅನಿಲ ಅದರ ಸುತ್ತ ಇನ್ನೂ ದಟ್ಟವಾಗಿತ್ತು; ಸ್ಫೋಟದ ಪ್ರಖರ ಬೆಳಕು ಅದನ್ನು ಅಯಾನೀಕರಿಸಿದಾಗ ಹೀಲಿಯಂ, ಇಂಗಾಲ ಮತ್ತು ಸಾರಜನಕಗಳ ರೇಖೆಗಳು ಹೊಳೆದವು. ಸ್ಫೋಟದ ಅಲೆ ಆ ಅನಿಲವನ್ನು ನುಂಗಿದಂತೆ ಕೆಲವೇ ದಿನಗಳಲ್ಲಿ ಆ ರೇಖೆಗಳು ಅಳಿದುಹೋದವು. ತಡವಾಗಿ ನೋಡಿದ್ದರೆ ನಕ್ಷತ್ರದ ಕೊನೆಯ ವರ್ಷಗಳ ಈ ಪುರಾವೆ ಶಾಶ್ವತವಾಗಿ ಕೈತಪ್ಪುತ್ತಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರೂ ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕದಿಂದ ಇದನ್ನು ಅಧ್ಯಯನ ಮಾಡಿದರು. ಆ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕದ ಮಾಹಿತಿಯೂ ಆ ಅಧ್ಯಯನಕ್ಕೆ ಒದಗಿತು.

ಮರುಪ್ರಶ್ನೆ: ಅರುಂಧತಿ_ವೀಕ್ಷಕ

ಇಬ್ಬರಿಗೂ ಧನ್ಯವಾದಗಳು. ಅಮೆರಿಕದ ಪಾಲೋಮಾರ್ ವೀಕ್ಷಣಾಲಯದ ಜ್ವಿಕಿ ಸಮೀಕ್ಷೆಯಂಥ ಸ್ವಯಂಚಾಲಿತ ಯಂತ್ರಗಳು ಕೆಲವೇ ರಾತ್ರಿಗಳಿಗೊಮ್ಮೆ ಇಡೀ ಉತ್ತರಾಕಾಶವನ್ನು ಜಾಲಾಡುತ್ತಿರುವಾಗ ಹವ್ಯಾಸಿಗೆ ಉಳಿದಿರುವುದಾದರೂ ಏನು?

ಉತ್ತರ 3: ಕ್ರಾಂತಿವೃತ್ತ

ಎರಡು ಸಮೀಕ್ಷೆಗಳ ನಡುವಿನ ಗಂಟೆಗಳು ಉಳಿದಿವೆ. 2016ರ ಸೆಪ್ಟೆಂಬರ್ 20ರಂದು ಅರ್ಜೆಂಟೀನಾದ ರೊಸಾರಿಯೋದಲ್ಲಿ ವಿಕ್ಟರ್ ಬುಸೊ ಎಂಬ ಹವ್ಯಾಸಿ ಹೊಸ ಕ್ಯಾಮೆರಾವನ್ನು ಪರೀಕ್ಷಿಸುತ್ತ ಎನ್‌ಜಿಸಿ 613 ಗೆಲಾಕ್ಸಿಯ ಕಿರು ಅವಧಿಯ ಚಿತ್ರಗಳನ್ನು ಒಂದರ ಹಿಂದೊಂದು ತೆಗೆಯುತ್ತಿದ್ದರು. ಮೊದಲ ಚಿತ್ರಗಳಲ್ಲಿ ಇಲ್ಲದಿದ್ದ ಚುಕ್ಕೆ ಅನಂತರದವುಗಳಲ್ಲಿ ಮೂಡಿ ಬೆಳಗುತ್ತ ಹೋಯಿತು. ಸ್ಫೋಟದ ಅಲೆ ನಕ್ಷತ್ರದ ಮೇಲ್ಮೈಯನ್ನು ಸೀಳಿ ಹೊರಬರುವ ಆ ಗಳಿಗೆಗಾಗಿ ವೃತ್ತಿಪರರು ಬಹುಕಾಲ ಕಾದಿದ್ದರು. ಎಸ್‌ಎನ್ 2016ಜಿಕೆಜಿ ಎಂಬ ಆ ಸೂಪರ್‌ನೋವಾದ ಅಧ್ಯಯನ 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಎಂ101ರ ಸೂಪರ್‌ನೋವಾದ ವಿಷಯದಲ್ಲಿಯೂ, ಇತಾಗಾಕಿ ಅವರ ವರದಿಗೆ ಹಲವು ಗಂಟೆ ಮೊದಲು ಬೇರೆ ಹವ್ಯಾಸಿಗಳು ತೆಗೆದಿದ್ದ ಚಿತ್ರಗಳಲ್ಲಿ ಆ ಬೆಳಕು ಆಗಲೇ ಸಿಕ್ಕಿತ್ತು. ಸ್ಫೋಟದ ಸಮಯವನ್ನು ನಿಖರವಾಗಿ ಅಂದಾಜಿಸಲು ವಿಜ್ಞಾನಿಗಳು ಅವುಗಳನ್ನು ಬಳಸಿಕೊಂಡರು. ಚುಕ್ಕೆ ಇನ್ನೂ ಕಾಣದಿದ್ದ ಚಿತ್ರಗಳಿಗೂ ಅಷ್ಟೇ ಬೆಲೆ ಬಂತು. ಆದ್ದರಿಂದ ಸಂಸ್ಕರಿಸಿದ ಸುಂದರ ಚಿತ್ರವನ್ನಷ್ಟೇ ಇಟ್ಟುಕೊಂಡು ಮೂಲ ಕಡತಗಳನ್ನು ಅಳಿಸಬೇಡಿ. ಗಣಕಯಂತ್ರದ ಗಡಿಯಾರವನ್ನು ಅಂತರಜಾಲದ ಸಮಯಕ್ಕೆ ಹೊಂದಿಸಿ, ಪ್ರತಿ ಕಡತದಲ್ಲಿಯೂ ಚಿತ್ರ ತೆಗೆದ ವೇಳೆ ಸರಿಯಾಗಿ ದಾಖಲಾಗುವಂತೆ ನೋಡಿಕೊಳ್ಳಿ.